ಲಿಲಾವಿನಲ್ಲಿ ಕೊಳ್ಳುವ ಮನೆಬಂಡಿ

ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುವ ಪದ್ಧತಿಯನ್ನು ನಮ್ಮ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಹಾಸಿಗೆ, ಪಾತ್ರೆ, ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮಕ್ಕಳು, ಮುದುಕರು ಎಲ್ಲವೂ ಒಂದೇ ಛಾವಣಿಯ ಕೆಳಗೆ! ಸಂಜೆಯಾಯಿತೆಂದರೆ ಎತ್ತು ಬಿಚ್ಚಿದ ಜಾಗವೇ ಮನೆ. ಪಾಶ್ಚಾತ್ಯರು ಇಂದು ‘ಮೋಟಾರ್ ಹೋಮ್’ ಎಂದು ಕರೆಯುವ ಚಲಿಸುವ ಮನೆಯ ಕಲ್ಪನೆ ನಮಗೆ ಹೊಸದೇನಲ್ಲ. ಎತ್ತಿನ ಜಾಗಕ್ಕೆ ಎಂಜಿನ್ ಬಂದಿದೆ, ಅಷ್ಟೆ.

ಅಮೆರಿಕದಲ್ಲಿ ಇಂಥ ಮನೆಗಳನ್ನು ಸಾಲದ ಮೇಲೆ ಕೊಂಡು, ಕಂತು ಕಟ್ಟಲಾರದೆ ಸೋತವರ ಬಂಡಿಗಳು ಹರಾಜಿಗೆ ಬರುತ್ತವೆ. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಿದ್ಧವಾದ ಮನೆಬಂಡಿಯನ್ನು ಹುಡುಕುವುದು ವ್ಯರ್ಥ. ಇಲ್ಲಿ ಸಾಲಕ್ಕೆ ಸಿಕ್ಕಿ ಲಿಲಾವಿಗೆ ಬರುವವು ಟ್ರ್ಯಾಕ್ಟರು, ಟೆಂಪೋ, ಕಾರು, ಹದಿನೈದು ಜನ ಕೂಡುವ ವ್ಯಾನು. ಆದರೆ ಅಂಥದೊಂದು ವ್ಯಾನನ್ನು ಅಗ್ಗಕ್ಕೆ ಕೊಂಡು, ಒಳಗೆ ಮಂಚವನ್ನೂ ಒಲೆಯನ್ನೂ ಅಳವಡಿಸಿ, ಸಂಸಾರ ಸಮೇತ ಬಾದಾಮಿ, ಪಂಢರಪುರಗಳಿಗೆ ಹೋಗಿಬರಬೇಕೆಂಬ ಆಸೆ ಯಾರಿಗೆ ತಾನೇ ಆಗದು? ಆ ಆಸೆಯುಳ್ಳವರಿಗಾಗಿ ಈ ನಾಲ್ಕು ಮಾತು.

ಗಾಡಿ ಹೇಗೆ ಲಿಲಾವಿಗೆ ಬರುತ್ತದೆ?

ಇದು ಕಬ್ಬಿನ ನಾಡು, ಮಗ್ಗದ ನಾಡು. ಕಬ್ಬು ಕಾರ್ಖಾನೆಗೆ ಸೇರಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬರಬೇಕಾದ ಹಣ ತಡವಾದರೂ ಕಂತಿನ ದಿನ ಮಾತ್ರ ತಡವಾಗುವುದಿಲ್ಲ. ನೇಯ್ದ ಸೀರೆ ಮಾರದೆ ಉಳಿದರೆ ಬನಹಟ್ಟಿಯ ನೇಕಾರನಿಗೂ ಇದೇ ಗತಿ. ಕಂತುಗಳು ಮೇಲಿಂದ ಮೇಲೆ ತಪ್ಪಿದಾಗ ಸಾಲ ಕೊಟ್ಟವರು ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ. ಹೀಗೆ ತೆಗೆದುಕೊಳ್ಳುವಾಗ ತೋಳ್ಬಲದವರನ್ನು ಕಳಿಸಿ ಬೆದರಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಖಂಡಿತವಾಗಿ ಹೇಳಿದೆ.

ಅನಂತರ ಪ್ರಕಟಣೆ, ಕನಿಷ್ಠ ಬೆಲೆ, ಮುಂಗಡ ಠೇವಣಿ, ಸವಾಲು. ಪ್ರಕಟಣೆಯಲ್ಲಿ ಒಂದು ವಾಕ್ಯವನ್ನು ಓದುಗರು ಎರಡು ಸಲ ಓದಬೇಕು: ‘ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ.’ ಇದರ ಅರ್ಥ, ಮನೆಗೆ ತಂದ ಮೇಲೆ ಗಾಡಿ ಕೆಮ್ಮಿದರೂ ಕುಂಟಿದರೂ ಕೇಳುವವರಿಲ್ಲ ಎಂದು.

ಕಣ್ಣು ನಿಮ್ಮದು, ಕಿವಿ ಮಿಸ್ತ್ರಿಯದು

ಆದುದರಿಂದ ಸವಾಲಿಗೆ ಮುಂಚೆ ನಂಬಿಕೆಯ ಮಿಸ್ತ್ರಿಯೊಬ್ಬನನ್ನು ಕರೆದೊಯ್ಯಿರಿ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತ ಗಾಡಿಯ ಬ್ಯಾಟರಿ ಸತ್ತಿರುತ್ತದೆ, ಟೈರು ಬಿರುಕುಬಿಟ್ಟಿರುತ್ತದೆ; ಇವು ಬದಲಾಯಿಸಬಹುದಾದ ವಸ್ತುಗಳು. ಎಂಜಿನ್ನು ಹಾಗಲ್ಲ. ಅದನ್ನು ಚಾಲೂ ಮಾಡಿ ತೋರಿಸದಿದ್ದರೆ, ಅದು ಕೆಟ್ಟಿದೆಯೆಂದೇ ಲೆಕ್ಕ ಹಾಕಿ ಬೆಲೆ ಕೂಗುವುದು ಜಾಣತನ.

ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಹರಿದುದನ್ನು ಯಾರು ಮರೆತಾರು? ನೀರಿನಲ್ಲಿ ನಿಂತ ಗಾಡಿಗೆ ಮೇಲೆ ಬಣ್ಣ ಬಳಿಯಬಹುದು, ಒಳಗಿನ ಮಣ್ಣನ್ನು ಪೂರ್ತಿ ತೆಗೆಯುವುದು ಕಷ್ಟ. ಕಾಲಡಿಯ ಹಾಸನ್ನು ಎತ್ತಿ ನೋಡಿರಿ. ಆಸನದ ಕೆಳಗಿನ ಕಬ್ಬಿಣಕ್ಕೆ ಬೆರಳಾಡಿಸಿರಿ. ಒಣಗಿದ ಕೆಸರು ಸಿಕ್ಕರೆ ನಮಸ್ಕಾರ ಹೇಳಿ ಹಿಂದಿರುಗಿರಿ.

ಕಬ್ಬಿಣಕ್ಕಿಂತ ಕಾಗದ ಭಾರ

ಹೆಚ್ಚಿನವರು ಮೋಸಹೋಗುವುದು ಎಂಜಿನ್ನಿನಲ್ಲಲ್ಲ, ಕಾಗದದಲ್ಲಿ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯೂ ಗಾಡಿಯ ಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿರಬೇಕು. ಹಳೆಯ ಒಡೆಯನು ಆರ್.ಸಿ. ಕೊಡಲು ಒಪ್ಪದಿದ್ದಲ್ಲಿ, 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಮಿನಂತೆ, ಅವನಿಗೆ ಹೇಳಿಕೊಳ್ಳಲು ಅವಕಾಶವಿತ್ತು, ಸಾಲ ಕೊಟ್ಟವರ ಹೆಸರಿಗೆ ಹೊಸ ಆರ್.ಸಿ. ಪಡೆಯಬಹುದು, ಅದಕ್ಕೆ 36ನೆಯ ನಮೂನೆ. ಸಾಲದ ನಮೂದು ತೆಗೆಸಲು 35ನೆಯದು. ಹೆಸರು ಬದಲಾವಣೆಗೆ 29 ಮತ್ತು 30. ಸರ್ಕಾರವೇ ನಡೆಸಿದ ಹರಾಜಾದರೆ 32ನೆಯ ನಮೂನೆ, ಗಾಡಿ ಕೈಸೇರಿದ 30 ದಿನಗಳೊಳಗೆ.

ಜಮಖಂಡಿಯ ಕೆಎ-48 ಅಥವಾ ಬಾಗಲಕೋಟೆಯ ಕೆಎ-29 ಫಲಕದ ಗಾಡಿಯಾದರೆ ಓಡಾಟ ಕಡಿಮೆ. ಸಾಂಗಲಿ, ಮೀರಜ ಕಡೆಯಿಂದ ಅಗ್ಗವೆಂದು ತಂದರೆ ಆಕ್ಷೇಪಣೆಯಿಲ್ಲವೆಂಬ ಪತ್ರ, ಕರ್ನಾಟಕದ ತೆರಿಗೆ, ಹೊಸ ಸಂಖ್ಯೆ ಇವೆಲ್ಲವೂ ಬೆಲೆಯೊಳಗೆ ಸೇರುತ್ತವೆ. ಬಾಡಿಗೆಯ ಹಳದಿ ಫಲಕವನ್ನು ಸ್ವಂತದ ಬಿಳಿ ಫಲಕಕ್ಕೆ ಬದಲಿಸುವುದೂ, ಆಸನ ಕಿತ್ತು ಮಂಚ ಹಾಕುವುದೂ ಆರ್.ಟಿ.ಓ. ಕಚೇರಿಯನ್ನು ಕೇಳದೆ ಮಾಡತಕ್ಕ ಕೆಲಸಗಳಲ್ಲ. ವಿಮೆಯನ್ನು ನಿಮ್ಮ ಹೆಸರಿಗೆ ಬರೆಸಲು ಇರುವ ಅವಧಿ 14 ದಿನ ಮಾತ್ರ.

ಹೆಸರು ಬದಲಿಸದೆ ಗಾಡಿ ಓಡಿಸಿದರೆ ಏನು? ಅಪಘಾತವಾದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವನ ಮೇಲೆಯೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಗಾಡಿಯನ್ನು ಕಳೆದುಕೊಂಡವನೇ ಅದರ ಅಪಘಾತದ ದಂಡವನ್ನೂ ತೆರುವುದು ಎಂಥ ಅನ್ಯಾಯ!

ಲೆಕ್ಕ ಮೊದಲು, ಕೂಗು ಆಮೇಲೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸವಾಲು 4,00,000 ರೂಪಾಯಿಗೆ ನಿಂತಿತು. ದುರಸ್ತಿ ಮತ್ತು ಟೈರಿಗೆ 60,000. ತೆರಿಗೆ, ವಿಮೆ, ಶುಲ್ಕಗಳಿಗೆ 50,000. ಮಂಚ, ಒಲೆ, ನೀರಿನ ತೊಟ್ಟಿಗೆ 1,50,000. ಒಟ್ಟು 6,60,000! ಆದುದರಿಂದ ಈ ಲೆಕ್ಕವನ್ನು ಮನೆಯಲ್ಲಿ ಮನೆಯವರೊಂದಿಗೆ ಕುಳಿತು ಹಿಂದುಮುಂದಾಗಿ ಮಾಡಿ, ಅದರಿಂದ ಹೊರಡುವ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿರಿ. ಪಕ್ಕದವನು ಕೂಗಿದನೆಂದು ನೀವೂ ಕೂಗಿದರೆ, ಕೊಂಡದ್ದು ಗಾಡಿಯಲ್ಲ, ಹಟ.

ಕೊನೆಯದಾಗಿ ಒಂದು ಮಾತು. ಲಿಲಾವಿನ ಅಂಗಳದಲ್ಲಿ ನಿಂತ ವ್ಯಾನಿನ ಗಾಜಿಗೆ ಇನ್ನೂ ಅಂಟಿಕೊಂಡಿರುವ ಮನೆದೇವರ ಪಟ, ಕನ್ನಡಿಗೆ ಕಟ್ಟಿದ ನಿಂಬೆಹಣ್ಣು ಕಣ್ಣಿಗೆ ಬಿದ್ದೀತು. ಅದನ್ನು ಕಟ್ಟಿದ ಕೈ ಯಾವುದೋ! ಸಾಲ ಮತ್ತು ಖರ್ಚು ತೀರಿ ಹಣ ಉಳಿದರೆ ಅದು ಆ ಹಳೆಯ ಒಡೆಯನಿಗೆ ಸಲ್ಲಬೇಕು. ಸಾಲದೆ ಹೋದರೆ ಉಳಿದ ಸಾಲ ಅವನ ತಲೆಯ ಮೇಲೆಯೇ ನಿಲ್ಲುತ್ತದೆ. ಎಂದರೆ, ಕೂಗುವವರೆಲ್ಲ ಒಳಗೊಳಗೇ ಒಪ್ಪಂದ ಮಾಡಿಕೊಂಡು ಬೆಲೆಯನ್ನು ತುಳಿದರೆ, ಆ ಲಾಭ ಬರುವುದು ಬ್ಯಾಂಕಿನ ಪೆಟ್ಟಿಗೆಯಿಂದಲ್ಲ, ಆ ಸಂಸಾರದ ಗಡಿಗೆಯಿಂದ.

ಯೋಗ್ಯವಾದ ಬೆಲೆ ಕೊಟ್ಟು, ಆರ್.ಸಿ.ಗೆ ಕೂಡಲೇ ನಿಮ್ಮ ಹೆಸರು ಬರೆಸಿ ಹಳೆಯವನನ್ನು ಹೊಣೆಯಿಂದ ಬಿಡಿಸಿರಿ. ಆ ಮೇಲೆ ರೊಟ್ಟಿಯ ಗಂಟು ಕಟ್ಟಿ, ಮಕ್ಕಳನ್ನು ಹತ್ತಿಸಿಕೊಂಡು ಹೊರಟರೆ, ದಾರಿಯುದ್ದಕ್ಕೂ ನಿಮ್ಮ ಮನಸ್ಸು ಹಗುರಾಗಿರುತ್ತದೆ.