ಪತ್ರದ ಅಡಿಬರಹ

ಪತ್ರದ ಕೊನೆಯಲ್ಲಿ ಸಣ್ಣಕ್ಷರಗಳಲ್ಲಿರುವ ಮಾತನ್ನು ಓದುವ ಅಭ್ಯಾಸವು ಅನೇಕರಿಗೆ ಇರುವುದಿಲ್ಲ. ನಮಗೂ ಇರಲಿಲ್ಲ. ನೆರೆಮನೆಯ ನೇಕಾರರೊಬ್ಬರು ದೂರದೂರಿನ ವ್ಯಾಪಾರಸಂಸ್ಥೆಯಿಂದ ತಮಗೆ ಬಂದ ಇಮೇಲನ್ನು ತೋರಿಸಿದ ಮೇಲೆ ಆ ಉದಾಸೀನವನ್ನು ಬಿಟ್ಟೆವು. ನಲವತ್ತು ಸೀರೆಗಳು ಬೇಕಾಗಿವೆಯೆಂದು ಮೇಲೆ ಕನ್ನಡದಲ್ಲಿತ್ತು. ಬೇರೆಯಾಗಿ ಬೇಡಿಕೆಪತ್ರವು ಬರುವವರೆಗೆ ಈ ಬರಹವು ಸಂಸ್ಥೆಯನ್ನು ಬಂಧಿಸದೆಂದು ಅಡಿಯಲ್ಲಿ ಇಂಗ್ಲಿಷಿನಲ್ಲಿತ್ತು. ಅವರು ಕನ್ನಡವನ್ನು ನಂಬಿ ಸಾಲದಲ್ಲಿ ನೂಲು ಕೊಂಡು ನೇಯ್ದರು. ಸಂಸ್ಥೆಯು ಇಂಗ್ಲಿಷನ್ನು ತೋರಿಸಿ ಕೈಕೊಡವಿಕೊಂಡಿತು.

ಇಂಥ ಅಡಿಬರಹಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಕಾಯಿದೆಯೇ ವಿಧಿಸಿದುದು. ನಮ್ಮ ದೇಶದ 2013ರ ಕಂಪನಿ ಕಾಯಿದೆಯ 12ನೆಯ ಕಲಮಿನಂತೆ, ಕಂಪನಿಯು ತನ್ನ ವ್ಯವಹಾರಪತ್ರಗಳಲ್ಲಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ ಮುಂತಾದುವನ್ನು ಮುದ್ರಿಸತಕ್ಕದ್ದು. ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಇಂಥ ವಿವರಗಳು ಇಮೇಲಿನಲ್ಲಿಯೂ ಇರಬೇಕೆಂಬ ನಿಯಮವು 2007ರ ಆರಂಭದಿಂದ ಸ್ಪಷ್ಟವಾಗಿ ಜಾರಿಗೆ ಬಂದಿತು. ಎರಡನೆಯದು, ಬರೆಯುವವರು ತಾವಾಗಿ ಸೇರಿಸುವ ಹೊಣೆನಿರಾಕರಣೆ. ಇಮೇಲುಗಳ ವಿನಿಮಯದಿಂದಲೇ ಒಪ್ಪಂದವು ಏರ್ಪಡಬಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಹೀಗಿರುವಲ್ಲಿ ವರ್ತಕರು ತಮ್ಮ ಮಾತಿಗೆ ಬೇಲಿ ಹಾಕಿಕೊಳ್ಳುವುದು ತಪ್ಪಲ್ಲ. ಆದರೆ ಬೇಲಿಯು ಬರುವವನ ಕಣ್ಣಿಗೆ ಕಾಣಬೇಕು.

1872ರ ಕರಾರು ಕಾಯಿದೆಯ 13ನೆಯ ಕಲಮು, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪುವುದೇ ಸಮ್ಮತಿಯೆನ್ನುತ್ತದೆ. ವಾಕ್ಯಾರ್ಥವಾಗಬೇಕಾದರೆ ಪದಗಳಿಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ಶಾಸ್ತ್ರಕಾರರೂ ಹೇಳಿರುವರು. ಮಾತೊಂದು ಭಾಷೆಯಲ್ಲಿ, ಅದರ ನಿಷೇಧವು ಇನ್ನೊಂದು ಭಾಷೆಯಲ್ಲಿ, ಅದೂ ಪುಟದ ಅಡಿಯಲ್ಲಿ ಇದ್ದರೆ ಸನ್ನಿಧಿಯೆಲ್ಲಿ? ಕಂಪನಿಯ ಬಾಗಿಲಿನ ಫಲಕದಲ್ಲಿ ಸ್ಥಳೀಯ ಭಾಷೆಯ ಲಿಪಿಯೂ ಇರಬೇಕೆಂದು ಮೇಲೆ ಹೇಳಿದ 12ನೆಯ ಕಲಮೇ ವಿಧಿಸುತ್ತದೆ. ಫಲಕಕ್ಕೆ ಸಲ್ಲುವ ಈ ನ್ಯಾಯವನ್ನು ವರ್ತಕರು ಪತ್ರಕ್ಕೂ ತಾವಾಗಿಯೇ ಸಲ್ಲಿಸಿದರೆ ಉಚಿತವಾದೀತು.

ಇದಕ್ಕೆ ಬಹಳ ಪ್ರಯಾಸವೂ ಬೇಕಿಲ್ಲ. ಪತ್ರವು ಯಾರಿಗೆ ಹೋಗುವುದೆಂಬುದನ್ನು ಅನುಸರಿಸಿ ಬೇರೆ ಬೇರೆ ಭಾಷೆಯ ಅಡಿಬರಹವನ್ನು ತಾನೇ ಜೋಡಿಸುವ ಏರ್ಪಾಡು ಇಮೇಲ್ ಯಂತ್ರಗಳಲ್ಲಿ ಉಂಟು. ಕಷ್ಟವಿರುವುದು ಭಾಷಾಂತರದಲ್ಲಿ. ನ್ಯಾಯವಾದಿಗಳ ‘ವಿದೌಟ್ ಪ್ರೆಜುಡಿಸ್’ ಎಂಬುದನ್ನು ‘ಪೂರ್ವಗ್ರಹವಿಲ್ಲದೆ’ ಎಂದು ಬರೆದರೆ ಅಕ್ಷರವು ಉಳಿದು ಅರ್ಥವು ಕೆಡುವುದು. ‘ನಮ್ಮ ಹಕ್ಕಿಗೆ ಬಾಧೆ ಬಾರದಂತೆ’ ಎಂಬುದು ಅದರ ಭಾವ. ಆದಕಾರಣ ಭಾಷೆ ಬಲ್ಲವರೂ ಕಾಯಿದೆ ಬಲ್ಲವರೂ ಕೂಡಿ ಬರೆಯಬೇಕು. ಪಾಠಗಳಲ್ಲಿ ಭೇದವಾದರೆ ಯಾವುದು ಪ್ರಮಾಣವೆಂಬುದನ್ನೂ ಹೇಳಬೇಕು. ಬೇಡಿಕೆಯನ್ನೇ ಅಲ್ಲಗಳೆಯುವ ಮಾತನ್ನು ಬೇಡಿಕೆಯ ಪಕ್ಕದಲ್ಲಿಯೇ ಇಡಬೇಕು.

ನಮ್ಮ ನೇಕಾರರು ಆ ಸೀರೆಗಳನ್ನು ಸಂತೆಯಲ್ಲಿ ನಷ್ಟಕ್ಕೆ ಮಾರಿದರು. ಈಗ ಪತ್ರವು ಬಂದೊಡನೆ ಮೊದಲು ಅಡಿಯನ್ನು ಓದಿಸಿ ಕೇಳುವರು. ಓದುವವರ ಈ ಎಚ್ಚರವು ಒಳ್ಳೆಯದೇ. ಆದರೆ ಬರೆಯುವವರು ಅವರಿಗೆ ತಿಳಿಯುವ ನುಡಿಯಲ್ಲಿ ಬರೆದಿದ್ದರೆ ಆ ಸಾಲವು ಅವರ ತಲೆಯ ಮೇಲೆ ಬರುತ್ತಿರಲಿಲ್ಲ.