ಕೃತಜ್ಞತೆ ಎಂಬ ದಿನನಿತ್ಯದ ಹಬ್ಬ



"ಒಳ್ಳೆಯ ಕೆಲಸ ಸಿಗಲಿ, ಸ್ವಂತ ಫ್ಲ್ಯಾಟ್ ಆಗಲಿ, ಆಮೇಲೆ ನೆಮ್ಮದಿ" ಎಂದು ನಿಮ್ಮಲ್ಲಿ ಅನೇಕರು ಹೇಳುವುದನ್ನು ಕೇಳಿದ್ದೇನೆ. ಮಹಾನಗರದಲ್ಲಿ ಹುಟ್ಟಿ ಬೆಳೆದ ನಿಮಗೆ ಪೈಪೋಟಿ ತಪ್ಪಿದ್ದಲ್ಲ, ನಿಜ. ಆದರೆ ಸಂತೋಷವನ್ನು ಹೀಗೆ ಮುಂದೂಡುತ್ತಲೇ ಹೋದರೆ ಅದನ್ನು ಅನುಭವಿಸುವುದು ಯಾವಾಗ? ಕ್ರೈಸ್ತ ಗೃಹಿಣಿಯಾದ ನಾನು ನನ್ನ ಧರ್ಮದಿಂದ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ನೀವು ಯಾವ ಮತದವರಾದರೂ ಇದರಿಂದ ಉಪಯೋಗವಾದೀತು.

'ಕೃತಜ್ಞ' ಎಂಬ ಪದವನ್ನೇ ನೋಡಿ. ತನಗೆ ಮಾಡಿದ ಉಪಕಾರವನ್ನು ಅರಿತವನು ಎಂದು ಅದರ ಅರ್ಥ. ಅಂದರೆ ಮೊದಲು ಅರಿವು, ಆಮೇಲೆ ವಂದನೆ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವಿದೆ. ಯೇಸುಸ್ವಾಮಿ ಹತ್ತು ಮಂದಿಯನ್ನೂ ಗುಣಪಡಿಸಿದರು. ವಂದಿಸಲು ಹಿಂತಿರುಗಿ ಬಂದವನು ಒಬ್ಬನೇ. ಅವನೂ ಪರಕೀಯನೆನಿಸಿದ ಸಮಾರ್ಯದವನು. ಉಳಿದವರಿಗೆ ಬಹುಶಃ ಮನೆ ಸೇರುವ ಅವಸರ. ಆ ಅವಸರ ನಮಗೆಲ್ಲ ಪರಿಚಿತವೇ ಅಲ್ಲವೇ?

ಅವಸರದ ನಡುವೆಯೂ ಅರಿವು ಸಾಧ್ಯವೆಂದು ತೋರಿಸಿದವರು ಬ್ರದರ್ ಲಾರೆನ್ಸ್. 17ನೆಯ ಶತಮಾನದ ಈ ಫ್ರೆಂಚ್ ಸನ್ಯಾಸಿ ಮೊದಲು ಸೈನಿಕರಾಗಿದ್ದು, ಯುದ್ಧದಲ್ಲಿ ಗಾಯಗೊಂಡವರು. ಪ್ಯಾರಿಸ್ಸಿನ ಮಠದಲ್ಲಿ ಅವರ ಪಾಲಿಗೆ ಬಂದದ್ದು ಅಡುಗೆಮನೆ. ಅದು ಅವರಿಗೆ ಇಷ್ಟವಿಲ್ಲದ ಕೆಲಸ. ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರೊಡನೆ ಮಾತನಾಡುವುದನ್ನು ರೂಢಿಸಿಕೊಂಡರು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತುಗಳೂ ಪತ್ರಗಳೂ ಪುಸ್ತಕವಾದವು. ಅದರ ಇಂಗ್ಲಿಷ್ ಅನುವಾದವನ್ನು ಓದಿದ ಮೇಲೆ ನನಗೂ ಒಂದು ಅಭ್ಯಾಸವಾಯಿತು. ಬೆಳಿಗ್ಗೆ ಊಟದ ಡಬ್ಬಿ ಕಟ್ಟುವಾಗ ಅದನ್ನು ಉಣ್ಣುವವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಕೆಲಸ ಅಷ್ಟೇ ಇದೆ, ಗೊಣಗಾಟ ಕಡಿಮೆಯಾಗಿದೆ!

ನಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನವಾಗಿ ಆಚರಿಸುವ ಮೊಂತಿ ಹಬ್ಬವೂ ಇದನ್ನೇ ಹೇಳುತ್ತದೆ. ಅಂದು ಮಕ್ಕಳು ಬಾಲಮರಿಯಳಿಗೆ ಹೂ ಅರ್ಪಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕೆಲವು ಕಾಳುಗಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಹೊಟ್ಟೆ ತುಂಬುವುದು ಆ ನಾಲ್ಕು ಕಾಳಿನಿಂದಲ್ಲ. ಅನ್ನ ಎಲ್ಲಿಂದ ಬಂತೆಂಬ ಅರಿವು ಬರುವುದು ಅದರಿಂದ. ಅಕ್ಕಿಯನ್ನು ಅಂಗಡಿಯ ಚೀಲದಲ್ಲಷ್ಟೇ ಕಂಡ ನಿಮಗೆ ಈ ಅರಿವು ಹೆಚ್ಚು ಅಗತ್ಯ.

ಹಾಗೆಂದು ದುಃಖವನ್ನು ನುಂಗಿಕೊಂಡು ನಗಬೇಕೆಂದು ನಾನು ಹೇಳುತ್ತಿಲ್ಲ. ಬೈಬಲಿನ ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಅಳಲೂ ಇದೆ. ಪರೀಕ್ಷೆಯಲ್ಲಿ ಸೋತಾಗ, ಪ್ರೀತಿಪಾತ್ರರು ಅಗಲಿದಾಗ ಅಳಬೇಕು, ದೇವರನ್ನು ಪ್ರಶ್ನಿಸಲೂ ಬೇಕು. ಸಂತ ಪೌಲರು ಫಿಲಿಪ್ಪಿಯವರಿಗೆ ಸಂತೋಷದ ಪತ್ರ ಬರೆದದ್ದು ಸೆರೆಮನೆಯಿಂದ. ಕಷ್ಟ ಮುಗಿಯುವವರೆಗೆ ಅವರು ಕಾಯಲಿಲ್ಲ.

ಇಂದು ರಾತ್ರಿ ಮೊಬೈಲನ್ನು ಪಕ್ಕಕ್ಕಿಟ್ಟು, ಈ ದಿನ ನಿಮಗೆ ದೊರೆತ ಮೂರು ಉಪಕಾರಗಳನ್ನು ನೆನೆಯಿರಿ. ರೈಲಿನಲ್ಲಿ ಯಾರೋ ಸರಿದು ಕೊಟ್ಟ ಜಾಗ, ಅಮ್ಮ ಬಿಸಿ ಮಾಡಿಕೊಟ್ಟ ಸಾರು, ಗೆಳೆಯನ ಒಂದು ಫೋನು. ದೇವರಿಗೆ ವಂದನೆ ಹೇಳಿ ಮಲಗಿ. ಬೆಳಿಗ್ಗೆ ಎದ್ದು ಅಮ್ಮನಿಗೂ ಹೇಳಿ, ಕನ್ನಡದಲ್ಲೇ ಹೇಳಿ. ಅವರ ಮುಖ ಅರಳುವುದನ್ನು ಕಂಡಾಗ ನಾಲ್ಕನೆಯ ಉಪಕಾರವೂ ಸಿಕ್ಕಂತಾಯಿತು.