ಹೆಸರುಕಾಳಿನಷ್ಟು ಜೇಡದ ಮರಿಯನ್ನು ಸಾಕುವ ಬಗೆ

ದೀಪಾವಳಿ ಹತ್ತಿರವಾಯಿತೆಂದರೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಜೇಡರ ಬಲೆಯನ್ನು ಗುಡಿಸಿ ತೆಗೆಯುವ ಮನೆತನ ನಮ್ಮದು. ನಿಮ್ಮದೂ ಹಾಗೆಯೇ ಇರಬೇಕು. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಜೇಡವೊಂದು ಶಿವನನ್ನು ಪೂಜಿಸಿ ಮುಕ್ತಿ ಪಡೆದ ಕಥೆಯನ್ನು ಭಕ್ತಿಯಿಂದ ಕೇಳುತ್ತೇವೆ, ಮನೆಗೆ ಬಂದು ಮತ್ತೆ ಪೊರಕೆ ಹಿಡಿಯುತ್ತೇವೆ. ಇಂತಹ ನಾವು 2023ರ ಬೇಸಗೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ಲೇನೋ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ, ಆರು ದಿನ ಜೇಡದ ಮರಿಯೊಂದರ ಪಾಲಕರಾಗಬೇಕಾಯಿತು. ಆ ಆರು ದಿನಗಳಲ್ಲಿ ಅದನ್ನು ಬಹುತೇಕ ಕೊಂದೇಬಿಟ್ಟಿದ್ದೆವು. ಅದೂ ಪೊರಕೆಯಿಂದಲ್ಲ, ಪ್ರೀತಿಯಿಂದ.

ಹದಿಮೂರು ವರ್ಷದ ಸೋದರಳಿಯನ ಓದುವ ಮೇಜಿನ ಮೇಲೆ ಉಪ್ಪಿನಕಾಯಿ ಹಾಕಿಡುವಂತಹ ಪುಟ್ಟ ಪಾರದರ್ಶಕ ಡಬ್ಬಿಯೊಂದಿತ್ತು. ಒಳಗೆ ಒಂದಿಷ್ಟು ಕಂದು ಪುಡಿ ಬಿಟ್ಟರೆ ನಮಗೆ ಏನೂ ಕಾಣಲಿಲ್ಲ. "ಮಾಮ, ಅಲ್ಲೇ ಇದೆ ನೋಡಿ" ಎಂದು ಅವನು ಕೈದೀಪ ಹಿಡಿದಾಗ, ಹೆಸರುಕಾಳಿನಷ್ಟು ಮೈಯ, ಕೂದಲೆಳೆಯಂತಹ ಕಾಲುಗಳ ಒಂದು ಜೀವ ಕಂಡಿತು. ಅದು ಮೆಕ್ಸಿಕನ್ ರೆಡ್ ನೀ ಎಂಬ ಟಾರಂಟುಲಾದ ಮರಿ. ಬೆಳೆದ ಮೇಲೆ ಕಾಲ್ಗಂಟುಗಳ ಮೇಲೆ ಕುಂಕುಮಕೇಸರಿ ಬಣ್ಣದ ಪಟ್ಟಿ ಮೂಡುವುದರಿಂದ ಆ ಹೆಸರು. ಮೆಕ್ಸಿಕೋದ ಪಶ್ಚಿಮ ಕರಾವಳಿಯ ಕುರುಚಲು ಕಾಡು ಅದರ ತವರು. ಅಲ್ಲಿಂದ ಹಿಡಿದು ಸಾಗಿಸುವುದು ವಿಪರೀತವಾದಾಗ, 1985ರಲ್ಲಿಯೇ ಈ ಬಗೆಯ ಜೇಡವನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ 'ಸೈಟಿಸ್'ನ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಆದ್ದರಿಂದ ತಿಳಿದವರು ಕೊಳ್ಳುವುದು ಸಾಕಣೆಯಲ್ಲಿಯೇ ಹುಟ್ಟಿದ ಮರಿಗಳನ್ನು. ಒಂದೇ ಮೊಟ್ಟೆಚೀಲದಿಂದ ನೂರಾರು ಮರಿಗಳು ಹೊರಬರುವುದರಿಂದ ಅವು ದುಬಾರಿಯೂ ಅಲ್ಲ.

ಟಾರಂಟುಲಾ ಎಂಬ ಹೆಸರು ಇಟಲಿಯ ಟಾರಾಂಟೋ ಊರಿನಿಂದ ಬಂದದ್ದು. ಅಲ್ಲಿ ಆ ಹೆಸರಿದ್ದದ್ದು ಬೇರೆಯೇ ಕುಲದ ಒಂದು ತೋಳಜೇಡಕ್ಕೆ. ಅದರ ಕಡಿತಕ್ಕೆ ಕುಣಿಯುವುದೇ ಮದ್ದೆಂದು ಜನ ನಂಬಿದ್ದರು. ವಲಸೆ ಹೋದ ಯೂರೋಪಿಯನ್ನರು ಅಮೆರಿಕದ ರೋಮಭರಿತ ದೊಡ್ಡ ಜೇಡಗಳನ್ನು ಕಂಡು ಹಳೆಯ ಹೆಸರನ್ನೇ ಅವಕ್ಕೆ ಅಂಟಿಸಿದರು. ವಲಸೆ ಬಂದವರು ಹಳೆಯ ಹೆಸರುಗಳನ್ನು ಹೊತ್ತು ತರುವುದು ಮಹಾನಗರದ ಕನ್ನಡಿಗರಾದ ನಮಗೆ ಹೊಸದೇನಲ್ಲ.

ಮರಿಯ ಮನೆ ಆದಷ್ಟು ಚಿಕ್ಕದಾಗಿರಬೇಕೆಂಬುದು ಮೊದಲ ಪಾಠ. ಜೀವಕ್ಕೆ ವಿಶಾಲವಾದ ಜಾಗ ಕೊಡುವುದೇ ದಯೆ ಎಂದು ನಾವೆಲ್ಲ ಎಣಿಸುತ್ತೇವೆ. ಜೇಡದ ಮರಿಗೆ ದೊಡ್ಡ ಪೆಟ್ಟಿಗೆ ಕೊಟ್ಟರೆ ಆಹಾರ ಅದಕ್ಕೆ ಸಿಗುವುದಿಲ್ಲ, ಅದು ನಮಗೆ ಸಿಗುವುದಿಲ್ಲ. ಎಂಟು ಕಣ್ಣುಗಳಿದ್ದರೂ ಅದರ ದೃಷ್ಟಿ ಬಹಳ ಮಂದ. ನೆಲದ ಕಂಪನವನ್ನು ಮೈಯ ರೋಮಗಳಿಂದ ಗ್ರಹಿಸಿಯೇ ಅದು ಬೇಟೆಯಾಡುವುದು. ಡಬ್ಬಿಯ ಮುಕ್ಕಾಲು ಭಾಗಕ್ಕೆ ತೆಂಗಿನ ನಾರಿನ ಪುಡಿಯನ್ನು ಒತ್ತಿ ತುಂಬಬೇಕು. ನಮ್ಮ ಊರಿನಲ್ಲಿ ಹಿತ್ತಲಿಗೆ ಎಸೆಯುವ ಆ ಪುಡಿ ಅಲ್ಲಿ ಇಟ್ಟಿಗೆಯಾಕಾರದಲ್ಲಿ ಡಾಲರಿಗೆ ಬಿಕರಿಯಾಗುವುದನ್ನು ಕಂಡು ನಮ್ಮ ಶ್ರೀಮತಿಯವರು ಬಹಳ ಹೊತ್ತು ಸುಮ್ಮನಾಗಿದ್ದರು. ಮೇಲೆ ಖಾಲಿ ಎತ್ತರವನ್ನು ಹೆಚ್ಚು ಬಿಡಬಾರದು. ಜೇಡದ ಹೊಟ್ಟೆಯ ಚರ್ಮ ಬಲು ತೆಳು. ಎತ್ತರದಿಂದ ಬಿದ್ದರೆ ಒಡೆದುಹೋಗುತ್ತದೆ. ಕೈಯ ಮೇಲೆ ಬಿಟ್ಟುಕೊಂಡು ಆಡಿಸಬಾರದೆನ್ನುವುದಕ್ಕೂ ಇದೇ ಮುಖ್ಯ ಕಾರಣ. ಗಾಳಿಗಾಗಿ ಬಿಸಿ ಸೂಜಿಯಿಂದ ಡಬ್ಬಿಯ ಬದಿಗೆ ತೂತುಗಳನ್ನು ಮಾಡುತ್ತಾರೆ. ಅವು ಮರಿಯ ತಲೆಗಿಂತ ಚಿಕ್ಕದಾಗಿರಬೇಕು, ಏಕೆಂದರೆ ತಲೆ ಹೊಕ್ಕ ಕಡೆ ಮಿಕ್ಕ ಮೈಯೂ ಹಿಂಬಾಲಿಸುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜೇಡದ ಕಾಲುಗಳನ್ನು ಮಡಚಲು ಸ್ನಾಯುಗಳಿವೆ. ಆದರೆ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುಗಳಿಲ್ಲ. ಮೈಯ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದು ಕಾಲು ಚಾಚುತ್ತದೆ, ಮಣ್ಣು ತೆಗೆಯುವ ಯಂತ್ರದ ತೋಳು ಎಣ್ಣೆಯ ಒತ್ತಡದಿಂದ ಏಳುವ ಹಾಗೆ. ಮೈಯ ನೀರು ಬತ್ತಿದರೆ ಒತ್ತಡ ಕುಸಿದು ಎಂಟೂ ಕಾಲುಗಳು ಹೊಟ್ಟೆಯಡಿಗೆ ಮುದುಡಿಕೊಳ್ಳುತ್ತವೆ. ಸತ್ತ ಜೇಡಗಳೆಲ್ಲ ಮುದುಡಿರುವುದು ಏಕೆಂದು ಅಷ್ಟು ವರ್ಷ ಪೊರಕೆ ಹಿಡಿದ ನಮಗೆ ಆಗಲೇ ತಿಳಿದದ್ದು. ಬೆಳೆದ ಜೇಡ ಬಟ್ಟಲಿನಿಂದ ನೀರು ಕುಡಿದು ತಡೆದುಕೊಳ್ಳಬಲ್ಲದು. ಮರಿಯ ಮೈ ಚಿಕ್ಕದಾದ್ದರಿಂದ ಬೇಗ ಒಣಗುತ್ತದೆ. ಹಾಗೆಂದು ಡಬ್ಬಿಯನ್ನು ಕೆಸರುಗದ್ದೆ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಒಂದು ಬದಿಗೆ ಮಾತ್ರ ಕೆಲವು ಹನಿ ನೀರು ಬಿಟ್ಟು, ಇನ್ನೊಂದು ಬದಿಯನ್ನು ಒಣಗಿರಿಸಿದರೆ, ಎಲ್ಲಿರಬೇಕೆಂಬುದನ್ನು ಮರಿಯೇ ಆರಿಸಿಕೊಳ್ಳುತ್ತದೆ. ಬಿಸಿಗಾಗಿ ದೀಪ ಇಡಬೇಕಾದದ್ದಿಲ್ಲ. ಮನುಷ್ಯರಿಗೆ ಹಿತವಾದ ಕೋಣೆಯೇ ಅದಕ್ಕೂ ಹಿತ.

ಆಹಾರವೆಂದರೆ ಹಾರಲಾರದ ತಳಿಯ ಹಣ್ಣುನೊಣ, ಇಲ್ಲವೆ ಆಗತಾನೆ ಹುಟ್ಟಿದ ಕ್ರಿಕೆಟ್ ಹುಳು. (ರಾತ್ರಿ ಕಿರ್ರೆನ್ನುವ ಹುಳು, ನಮ್ಮ ಮನೆಯ ಟಿ.ವಿ.ಯನ್ನು ಆಕ್ರಮಿಸಿರುವ ಕ್ರಿಕೆಟ್ ಅಲ್ಲ.) ಬೇಟೆ ಮರಿಯ ಮೈಗಿಂತ ದೊಡ್ಡದಿರಬಾರದು. ಅಷ್ಟು ಚಿಕ್ಕ ಹುಳು ಸಿಗದಿದ್ದರೆ ದೊಡ್ಡ ಹುಳುವನ್ನು ಕೊಂದು ಅದರ ಒಂದು ಕಾಲನ್ನೋ ತುಣುಕನ್ನೋ ಇಟ್ಟರೂ ಆದೀತು. ಮರಿ ಅದರ ಮೇಲೆ ಜೀರ್ಣರಸ ಸುರಿದು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ವಾರಕ್ಕೆ ಒಂದೆರಡು ಬಾರಿ ಸಾಕು. ಮರುದಿನಕ್ಕೆ ಉಳಿದದ್ದನ್ನು ತಪ್ಪದೆ ತೆಗೆಯಬೇಕು.

ನಾವು ಎಡವಿದ್ದು ಇಲ್ಲಿಯೇ. ಸೋದರಳಿಯ ಆರು ದಿನದ ಬೇಸಗೆ ಶಿಬಿರಕ್ಕೆ ಹೊರಟಾಗ ಒಂದು ಚೀಟಿ ಬರೆದಿಟ್ಟಿದ್ದ: ಎರಡು ದಿನಕ್ಕೊಮ್ಮೆ ಮೂಲೆಗೆ ನಾಲ್ಕು ಹನಿ ನೀರು, ಆಹಾರ ಬೇಡ. ಮರಿಯಾದರೋ ತನ್ನ ಬಿಲದ ಬಾಯಿಗೆ ಬಲೆ ನೇಯ್ದು, ಪುಡಿ ಮೆತ್ತಿ, ಒಳಗೆ ಸೇರಿ ಎರಡು ವಾರವಾಗಿತ್ತು. ಎರಡು ವಾರ ಏನೂ ತಿನ್ನದ ಜೀವ! ನಮ್ಮ ಮನೆಗಳಲ್ಲಿ ಮಗು ಒಂದು ಹೊತ್ತು ಊಟ ಬಿಟ್ಟರೆ ದೃಷ್ಟಿ ತೆಗೆಯುತ್ತಾರೆ. ಹುಡುಗನಿಗೆ ಏನೂ ತಿಳಿಯದೆಂದು ತೀರ್ಮಾನಿಸಿ, ಮೂರನೆಯ ರಾತ್ರಿ ಅವನ ಹುಳುಗಳ ಪೆಟ್ಟಿಗೆಯಿಂದ ಕಣ್ಣಿಗೆ ಪುಷ್ಟವಾಗಿ ಕಂಡ ಒಂದು ಜೀವಂತ ಕ್ರಿಕೆಟ್ ಹುಳುವನ್ನು ಡಬ್ಬಿಗೆ ಬಿಟ್ಟೆವು.

ಬೆಳಿಗ್ಗೆ ನೋಡುವಾಗ ಹುಳು ಬಿಲದ ಬಾಯಿಯ ಬಲೆಯನ್ನು ಕೆದಕುತ್ತಿತ್ತು. ಅದನ್ನು ಕಂಡ ತಂಗಿ ಗಾಬರಿಯಿಂದ ಮಗನಿಗೆ ಫೋನು ಹಚ್ಚಿದಳು. ಅವನು ಸಿಟ್ಟಾಗಲಿಲ್ಲ. ಧ್ವನಿ ಮಾತ್ರ ನಡುಗುತ್ತಿತ್ತು. "ಮಾಮ, ಈಗಲೇ ತೆಗೆಯಿರಿ, ಅದು ಪೊರೆ ಬಿಡುವ ಹೊತ್ತು, ಹುಳು ಅದನ್ನೇ ತಿಂದುಬಿಡುತ್ತದೆ" ಎಂದ. ಚಿಮಟ ಹಿಡಿದು, ಬಿಲ ಕುಸಿಯದಂತೆ ಆ ಹುಳುವನ್ನು ಹೊರತೆಗೆಯುವಷ್ಟರಲ್ಲಿ, ಮೂವತ್ತು ವರ್ಷ ನೋಟಿನ ಕಟ್ಟು ಎಣಿಸಿದ ನಮ್ಮ ಕೈ ಬೆವೆತು ಹೋಗಿತ್ತು.

ಜೇಡಕ್ಕೆ ಎಲುಬಿಲ್ಲ, ಹೊರಗಿನ ಗಟ್ಟಿ ಕವಚವೇ ಅದರ ಅಸ್ಥಿಪಂಜರ. ಕವಚ ಬೆಳೆಯದು, ಆದ್ದರಿಂದ ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಮರಿಗಳು ಒಂದೆರಡು ತಿಂಗಳಿಗೊಮ್ಮೆ ಕಳಚಿದರೆ, ಬೆಳೆದವು ವರ್ಷಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ. ಸಮಯ ಹತ್ತಿರವಾದಂತೆ ಹೊಟ್ಟೆ ಉಬ್ಬಿ ಮಿರುಗುತ್ತದೆ, ಒಳಗಿನ ಹೊಸ ಚರ್ಮದ ಕಪ್ಪು ಹೊರಗೆ ತೋರುತ್ತದೆ, ಆಹಾರ ಬೇಡವಾಗುತ್ತದೆ. ಇವೆಲ್ಲ ಕಾಯಿಲೆಯ ಲಕ್ಷಣಗಳಲ್ಲ. ಕಳಚುವಾಗ ಅದು ಸಾಮಾನ್ಯವಾಗಿ ಬೆನ್ನ ಮೇಲೆ ಮಲಗುತ್ತದೆ. ಸತ್ತಿತೆಂದು ತಿಳಿದು ಎಸೆದವರೂ, ತಿರುಗಿಸಿ ಮಲಗಿಸಲು ಹೋಗಿ ಕೊಂದವರೂ ಉಂಟಂತೆ.

ಮರಿ ತನ್ನ ಬಿಲವನ್ನು ಡಬ್ಬಿಯ ಗೋಡೆಗೆ ಅಂಟಿಸಿ ತೋಡಿದ್ದರಿಂದ, ಮರುದಿನ ಮಧ್ಯಾಹ್ನ ಅದೆಲ್ಲ ನಮ್ಮ ಕಣ್ಣೆದುರಿಗೇ ನಡೆಯಿತು. ಬೆನ್ನಿನ ಮುಂಭಾಗದ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆಯಿತು. ಬಳಿಕ ಎಂಟು ಕಾಲುಗಳು ಹಳೆಯ ಕಾಲುಗಳ ಒಳಗಿನಿಂದ, ಬಿಗಿಯಾದ ಬಳೆಯಿಂದ ಕೈ ಬಿಡಿಸಿಕೊಂಡಂತೆ, ಒಂದಿಷ್ಟು ಎಳೆದು, ನಿಂತು, ಮತ್ತೆ ಎಳೆದು ಹೊರಬಂದವು. ಹೊರಗಿನ ಚರ್ಮವಷ್ಟೇ ಅಲ್ಲ, ಕೋರೆಹಲ್ಲಿನ ಹೊದಿಕೆ, ಹೀರುಹೊಟ್ಟೆಯ ಒಳಪದರ, ಉಸಿರಿನ ಅಂಗದ ಪದರವೂ ಹಳೆಯ ಪೊರೆಯೊಂದಿಗೆ ಹೋಗುತ್ತವೆ. ಹೊಸ ಕೋರೆಹಲ್ಲು ಬೆಳ್ಳಗೆ, ಮೆತ್ತಗೆ ಇತ್ತು. ಅದು ಕೆಂಪಾಗಿ, ಕಪ್ಪಾಗಿ ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಒಂದು ವಾರ, ಅದು ಕಚ್ಚಲೂ ಆರದು, ತಿನ್ನಲೂ ಆರದು. ನಾವು ಬಿಟ್ಟಿದ್ದ ಹುಳು ಒಳಗೇ ಉಳಿದಿದ್ದರೆ ಆ ಮೆತ್ತನೆಯ ಮೈಯನ್ನು ಸುಲಭವಾಗಿ ಕಡಿದು ಹಾಕುತ್ತಿತ್ತು. ಶಿಬಿರದಿಂದ ಬಂದ ಹುಡುಗ ಮಸೂರ ಹಿಡಿದು ಕಾಲುಗಳನ್ನು ಎಣಿಸಿದ. ಎಂಟೂ ಇದ್ದವು.

ಮುಂಬಯಿಗೆ ಮರಳಿ ಈ ಕಥೆ ಹೇಳಿದಾಗ ನಮ್ಮ ಕಟ್ಟಡದ ಹುಡುಗನೊಬ್ಬ ತನಗೂ ಒಂದು ಬೇಕೆಂದು ಹಟ ಹಿಡಿದ. ಇಲ್ಲಿ ವಿಷಯ ಅಷ್ಟು ಸರಳವಲ್ಲ. ಸೈಟಿಸ್ ಪಟ್ಟಿಯ ಜೀವಿಗಳನ್ನು 2022ರ ತಿದ್ದುಪಡಿಯ ಮೂಲಕ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಳಗೆ ತರಲಾಗಿದೆ. ಅಂತಹವನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು 2024ರಲ್ಲಿ ನಿಯಮಗಳೂ ಬಂದಿವೆ. ಕಾಗದಪತ್ರವಿಲ್ಲದೆ ಡಬ್ಬಿಯಲ್ಲಿ ಹಾಕಿ ಮಾರುವವರಿಂದ ಕೊಂಡು ತರುವುದು ಮಗುವಿನ ಕೈಗೆ ಮೊಕದ್ದಮೆಯನ್ನು ಕೊಟ್ಟಂತೆ.

ಇನ್ನು ನಮ್ಮ ನೆಲದಲ್ಲೇ ಟಾರಂಟುಲಾಗಳಿವೆ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಗುಂತಕಲ್ ದಾಟಿದ ಮೇಲೆ ಗುತ್ತಿ ಎಂಬ ನಿಲ್ದಾಣ ಬರುತ್ತದೆ. ನಿದ್ದೆಗಣ್ಣಿನಲ್ಲಿ ಎಷ್ಟು ಸಲ ಅದನ್ನು ದಾಟಿದ್ದೇವೋ! ಅಲ್ಲಿನ ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಸಿಕ್ಕ ನೀಲಿ ಲೋಹದ ಹೊಳಪಿನ ಒಂದು ಜೇಡವನ್ನು 1899ರಲ್ಲಿ ಪೋಕಾಕ್ ಎಂಬ ಪ್ರಾಣಿಶಾಸ್ತ್ರಜ್ಞರು ವರ್ಣಿಸಿದರು. ಆಮೇಲೆ ಒಂದು ಶತಮಾನ ಅದರ ಸುಳಿವಿಲ್ಲ. 2001ರಲ್ಲಿ ಅದು ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ. ಮೊದಲನೆಯದು ದಿಮ್ಮಿಯೊಡನೆ ರೈಲಿನಲ್ಲಿ ಬಂದಿರಬೇಕೆಂದು ಊಹೆ. ಇಂದು ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಅದರ ಇಡೀ ಕುಲ 2019ರಲ್ಲಿ ಸೈಟಿಸ್ ಪಟ್ಟಿ ಸೇರಿತು. ವಿಚಿತ್ರವೆಂದರೆ ಯೂರೋಪ್ ಅಮೆರಿಕಗಳ ಸಾಕಣೆದಾರರ ಡಬ್ಬಿಗಳಲ್ಲಿ ಅದರ ಮರಿಗಳು ಧಾರಾಳವಾಗಿ ಹುಟ್ಟುತ್ತಿವೆ. ಆ ಹುಡುಗನಿಗೆ ನಾವು ಗುತ್ತಿಯ ಈ ಕಥೆ ಹೇಳಿ, ಮುಂದಿನ ಪಯಣದಲ್ಲಿ ಕಿಟಕಿಯ ಬಳಿ ಕೂರಲು ಹೇಳಿದ್ದೇವೆ. ಸಮಾಧಾನವಾದಂತೆ ಕಾಣಲಿಲ್ಲ.

ಪ್ಲೇನೋದ ಮರಿಯ ಮೈ ಈಗ ದೊಡ್ಡ ಗೋಡಂಬಿಯಷ್ಟಾಗಿದೆ, ಕಾಲ್ಗಂಟಿನ ಕೇಸರಿ ಮೂಡಿದೆ. ಅದು ಬಿಟ್ಟ ಪೊರೆಯನ್ನು ನೀರಿನಲ್ಲಿ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಣ್ಣೆಂದು ಹುಡುಗ ಖಚಿತಪಡಿಸಿಕೊಂಡಿದ್ದಾನೆ. ಗಂಡಾಗಿದ್ದರೆ ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷದ ಬಾಳು. ಈ ಜಾತಿಯ ಹೆಣ್ಣು ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಇಷ್ಟು ದೀರ್ಘಾವಧಿಯ ಠೇವಣಿ ನಮ್ಮ ಬ್ಯಾಂಕಿನಲ್ಲಿಯೂ ಇಲ್ಲ. ಅವನು ಕಾಲೇಜಿಗೆ ಹೊರಟಾಗ ಅದನ್ನು ಯಾರು ನೋಡಿಕೊಳ್ಳಬೇಕೆಂಬ ಚರ್ಚೆ ಆ ಮನೆಯಲ್ಲಿ ಈಗಲೇ ನಡೆದಿದೆ. ತಂಗಿ ಇನ್ನೂ ಒಪ್ಪಿಲ್ಲ. ಆದರೆ ಹಿಂದಿನ ತಿಂಗಳು ಹುಡುಗ ಊರಿನಲ್ಲಿಲ್ಲದಾಗ ಮೂಲೆಗೆ ನಾಲ್ಕು ಹನಿ ನೀರು ಬಿಟ್ಟವಳು ಅವಳೇ.